ಎಣ್ಣೆ ನೋಡುವ ತಾಟು

ನಮ್ಮ ಮನೆಯಲ್ಲಿ ಉಣ್ಣುವವರು ನಾಲ್ಕು ಜನ, ತಾಟುಗಳು ಐದು. ಐದನೆಯದೇ ಎಲ್ಲಕ್ಕಿಂತ ಚೆಂದದ್ದು. ಬಿಳಿ ಪಿಂಗಾಣಿ ಹೊದಿಸಿ ಅಂಚಿಗೆ ನೀಲಿ ಗೆರೆ ಎಳೆದಿದ್ದ ಆ ತಾಟು ಮದುವೆಯಲ್ಲಿ ಅವ್ವನ ತವರುಮನೆ ರಂಗಂಪೇಟೆಯಿಂದ ಬಂದದ್ದು. ಅದರಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಬಚ್ಚಲ ಗೋಡೆಯ ಹಲಗೆಯ ಮೇಲೆ, ಸೀಮೆಎಣ್ಣೆ ಡಬ್ಬಿಯ ಪಕ್ಕ, ಅದು ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ವರ್ಷಕ್ಕೊಮ್ಮೆ ಕೆಳಗಿಳಿಯುತ್ತಿತ್ತು. ಅಪ್ಪ ಅದರಲ್ಲಿ ಬೋಟಿನ ಎಣ್ಣೆ ನೋಡುತ್ತಿದ್ದ. ಮೊದಲ ವರ್ಷ ಕೈಗೆ ಬೇರೆ ಬಿಳಿ ಪಾತ್ರೆ ಸಿಗದೆ ಅದನ್ನು ಒಯ್ದಿದ್ದನಂತೆ. ಅವ್ವ ಒಂದು ವಾರ ಅವನೊಂದಿಗೆ ಮಾತು ಬಿಟ್ಟಿದ್ದಳಂತೆ. ಆಮೇಲೆ ತಾಟಿನ ವಿಷಯ ಇಬ್ಬರೂ ಎತ್ತಲಿಲ್ಲ; ತಾಟು ಮಾತ್ರ ಅಡುಗೆಮನೆಗೆ ಮರಳಲಿಲ್ಲ.

ಅಪ್ಪ ನೀರಾವರಿ ಇಲಾಖೆಯ ಬೋಟ್ ಡ್ರೈವರ್. ಸುರಪುರದ ಪಶ್ಚಿಮಕ್ಕೆ ಕೃಷ್ಣೆಗೆ ಅಣೆಕಟ್ಟು ಎದ್ದು, ಕಾಲುವೆಯ ನೀರು ಶಹಾಪುರದ ಕಡೆಗೆ ಹೋಗಿ, ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತದ ಮಡಿಗಳು ಕಾಣಿಸಿಕೊಳ್ಳುತ್ತಿದ್ದ ಕಾಲ. ನಮ್ಮದು ಅಣೆಕಟ್ಟಿನ ಕ್ಯಾಂಪಿನ ಸಾಲುಮನೆಗಳಲ್ಲಿ ಕೊನೆಯ ಮನೆ. ಮೇಲೆ ಸಿಮೆಂಟಿನ ತಗಡು, ಮುಂದೆ ಪಡಸಾಲೆ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಕಿಟಕಿಯಿಂದ ಹಿನ್ನೀರು ಕಾಣುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತ ನೀರಿನ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದಳು. ಬೋಟು ದಡದ ಕಡೆ ತಿರುಗಿದ್ದು ಕಂಡರೆ ಪುಂಡಿಪಲ್ಯವನ್ನು ಮತ್ತೆ ಒಲೆಗೇರಿಸುತ್ತಿದ್ದಳು. ನಮ್ಮ ಊಟದ ಹೊತ್ತು ಬೋಟಿನ ಹೊತ್ತಾಗಿತ್ತು.

ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಕೆ ಬಳಿಚಕ್ರದಲ್ಲಿ ಬಾಳಿದವಳು. ಅಲ್ಲಿ ಮಳೆ ಬಂದರೆ ಬೆಳೆ, ಬಾರದಿದ್ದರೆ ಮನೆಯ ಹಿಂದಿನ ಒಂದು ಬಾವಿ. ಕ್ಯಾಂಪಿಗೆ ಬರುವಾಗ ತನ್ನ ಟ್ರಂಕಿನಲ್ಲಿ ಒಂದು ತೊಗಲಿನ ತುಂಡು ತಂದಿದ್ದಳು. ಎತ್ತುಗಳು ಬಾವಿಯಿಂದ ನೀರೆಳೆಯುತ್ತಿದ್ದ ದೊಡ್ಡ ತೊಗಲ ಚೀಲದಲ್ಲಿ ಉಳಿದ ತುಂಡು ಅದು. ಬೀಸುಕಲ್ಲಿನ ಮುಂದೆ ಅದನ್ನೇ ಹಾಸಿಕೊಂಡು ಕೂಡುತ್ತಿದ್ದಳು. ಕಣ್ಣು ಹಾಯುವಷ್ಟು ದೂರ ನೀರು ನಿಂತಿದ್ದರೂ ಆಕೆಗೆ ಆ ನೀರಿನ ಮೇಲೆ ನಂಬಿಕೆ ಬರಲಿಲ್ಲ.

"ಬಾವಿ ನೀರು ಜಗ್ಗಿದಷ್ಟ ಬರ್ತಿತ್ತು. ಇದು ಯಾರ ಮಾತು ಕೇಳ್ತದ?"

ಬೋಟಿನ ವಿಷಯವನ್ನು ಸ್ವಲ್ಪ ಹೇಳಬೇಕು. ಅದರ ಇಂಜಿನ್ ಒಳಗೆ, ಹಿಂಭಾಗದಲ್ಲಿ. ಇಂಜಿನ್ನಿನ ಬಲವನ್ನು ನೀರಿಗೆ ತಲುಪಿಸುವ ಕಬ್ಬಿಣದ ಭಾಗ ಹೊರಗೆ, ಬೋಟಿನ ಬೆನ್ನಿಗೆ ಜೋತುಬಿದ್ದಿರುತ್ತದೆ. ಅದರ ತುದಿಗೆ ನೀರು ತಳ್ಳುವ ಪಂಖಾ. ಆ ಇಡೀ ಭಾಗಕ್ಕೆ ಅಪ್ಪ ಕಾಲು ಎನ್ನುತ್ತಿದ್ದ. ಕಾಲಿನೊಳಗೆ ಗೇರುಗಳಿವೆ, ಅವು ಸದಾ ಎಣ್ಣೆಯಲ್ಲಿ ಮುಳುಗಿರಬೇಕು. ಕಾಲು ಇರುವುದು ನೀರೊಳಗೆ. ಎಲ್ಲಾದರೂ ಕೂದಲೆಳೆಯಷ್ಟು ಸಂದು ಸಿಕ್ಕರೆ ಎಣ್ಣೆ ಹೊರಬಂದು ನೀರು ಒಳಸೇರುತ್ತದೆ. ನೀರು ಸೇರಿದ ಎಣ್ಣೆ ಹಾಲು ಹಾಕಿದ ಚಹಾದಂತೆ ಬೆಳ್ಳಗಾಗುತ್ತದೆ. ಅದಕ್ಕೇ ಬಿಳಿ ತಾಟು ಬೇಕಾಗಿತ್ತು. ಅದರಲ್ಲಿ ಯಾವ ಬಣ್ಣವೂ ಸುಳ್ಳು ಹೇಳುವಂತಿರಲಿಲ್ಲ. ಕಾಲಿಗೆ ಎರಡು ಸ್ಕ್ರೂ: ಒಂದು ತೀರ ಕೆಳಗೆ, ಒಂದು ಮೇಲೆ. ಪ್ರತಿಯೊಂದಕ್ಕೂ ಸಂದು ಮುಚ್ಚಲು ಒಂದೊಂದು ಕೆಂಪು ವಾಶರ್, ಗಟ್ಟಿ ರಟ್ಟಿನಂಥದು, ನನ್ನ ಕಿರುಬೆರಳಿನ ಉಂಗುರದಷ್ಟು. ಒಮ್ಮೆ ಬಿಗಿದು ಬಿಚ್ಚಿದ ವಾಶರನ್ನು ಮತ್ತೆ ಹಾಕುವಂತಿಲ್ಲ.

ಪ್ರತಿ ವರ್ಷ ಕಾಲುವೆಗೆ ನೀರು ಬಿಡುವ ಮುನ್ನ ಬೋಟನ್ನು ಗಾಡಿಗೇರಿಸಿ, ಟ್ರ್ಯಾಕ್ಟರಿನಿಂದ ಎಳೆದು ನಮ್ಮ ಮನೆಯ ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸುತ್ತಿದ್ದರು. ಕೆಳಗಿನ ಸ್ಕ್ರೂ ಬಿಚ್ಚಿ, ಆಮೇಲೆ ಮೇಲಿನದನ್ನೂ ಬಿಚ್ಚಿ, ಹಳೆಯ ಎಣ್ಣೆ ಇಡೀ ರಾತ್ರಿ ಸೋರಲು ಬಿಡುತ್ತಿದ್ದರು. ಮರುದಿನ ಹೊಸ ಎಣ್ಣೆ ಹಾಕುವುದು ಕೆಳಗಿನಿಂದ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಗೇರುಗಳು ಒಣಗಿಯೇ ಉಳಿಯುತ್ತವೆ. ಇದನ್ನು ಆಯಿ ಯಾವ ವರ್ಷವೂ ಒಪ್ಪಲಿಲ್ಲ. ದೀಪಕ್ಕೂ ಬಂಡಿಯ ಅಚ್ಚಿಗೂ ಜನ ಮೇಲಿನಿಂದ ಎಣ್ಣೆ ಬಿಡುವಾಗ ತನ್ನ ಮಗ ಮಾತ್ರ ನೆಲಕ್ಕೆ ಮಲಗಿ ಎಣ್ಣೆ ಹಾಕುವುದು ಆಕೆಗೆ ನಗೆಯ ಮಾತು. ಎಣ್ಣೆ ಒತ್ತುವ ಪಂಪು ನಮ್ಮಲ್ಲಿರಲಿಲ್ಲ. ಓಕುಳಿಯಾಡುವ ಹಿತ್ತಾಳೆಯ ಪಿಚಕಾರಿ ಎರಡಿದ್ದವು. ಅಪ್ಪ ಅವುಗಳ ಮೂತಿಗೆ ರಬ್ಬರ್ ಕೊಳವೆ ಸಿಗಿಸಿಕೊಂಡು, ಗೋಣಿಚೀಲದ ಮೇಲೆ ಅಂಗಾತ ಮಲಗಿ ಒಂದರ ನಂತರ ಒಂದು ಒತ್ತುತ್ತಿದ್ದ. ನಡುವೆ ಹೆಬ್ಬೆರಳಿನಿಂದ ತೂತು ಮುಚ್ಚಿ ಹಿಡಿಯುತ್ತಿದ್ದ. ಖಾಲಿಯಾದದ್ದನ್ನು ತುಂಬಿಕೊಡುತ್ತಿದ್ದವನು ಬೋಟಿನ ಖಲಾಸಿ ಮೌಲಾಸಾಬ. ಅವನನ್ನು ನಾನು ಮೌಲಾ ಕಾಕಾ ಎನ್ನುತ್ತಿದ್ದೆ; ಅವನು ಅಪ್ಪನನ್ನು ಉಸ್ತಾದ ಎನ್ನುತ್ತಿದ್ದ. ನನ್ನ ಪಾಲಿನ ಕೆಲಸ ಕಲ್ಲಿನ ಮೇಲೆ ನಿಂತು ಮೇಲಿನ ತೂತನ್ನು ನೋಡುವುದು. ಎಣ್ಣೆ ಗುಳ್ಳೆಯಿಲ್ಲದೆ ಹೊರಬಂದಾಗ "ಬಂತು" ಅನ್ನಬೇಕು. ಆಗ ಮೌಲಾ ಕಾಕಾ ಮೊದಲು ಮೇಲಿನ ಸ್ಕ್ರೂ ಬಿಗಿಯುತ್ತಿದ್ದ. ಮೇಲೆ ಮುಚ್ಚಿದರೆ ಕೆಳಗೆ ಎಣ್ಣೆ ತಡೆದು ನಿಲ್ಲುತ್ತದೆ. ಅಷ್ಟರಲ್ಲಿ ಅಪ್ಪ ಕೆಳಗಿನದನ್ನು ಕೂಡಿಸುತ್ತಿದ್ದ.

ನನಗೆ ಒಂಬತ್ತು ವರ್ಷವಿದ್ದಾಗ ನಡೆದದ್ದನ್ನು ಹೇಳಬೇಕೆಂದೇ ಇಷ್ಟು ಬರೆದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಹಿಂದಿನ ವರ್ಷಗಳಲ್ಲೆಲ್ಲ ವಾಶರಿನ ಪೊಟ್ಟಣದಲ್ಲಿ ಐದಾರು ಇರುತ್ತಿದ್ದವು. ಮಿಕ್ಕದ್ದರಲ್ಲಿ ಒಂದನ್ನು ಅಪ್ಪ ನನಗೆ ಕೊಡುತ್ತಿದ್ದ. ಆ ವರ್ಷ ಶಹಾಪುರದ ಅಂಗಡಿಯಲ್ಲಿ ಎರಡೇ ಸಿಕ್ಕಿದ್ದವು. ಅದು ನನಗೆ ತಿಳಿಯದು. ಎಣ್ಣೆ ಸೋರಲು ಬಿಟ್ಟ ಮಧ್ಯಾಹ್ನ, ಪಡಸಾಲೆಯಲ್ಲಿ ಹಾಸಿದ ಬಟ್ಟೆಯ ಮೇಲೆ ಎರಡು ಸ್ಕ್ರೂ, ಎರಡು ಕೆಂಪು ವಾಶರ್ ಇದ್ದವು. ಆಯಿ ಹೊಲಿದುಕೊಟ್ಟ ಬಟ್ಟೆಯ ಗೊಂಬೆಗೆ ಅಂದು ಮದುವೆ. ಒಂದು ವಾಶರನ್ನು ಎತ್ತಿ ಗೊಂಬೆಯ ಕೈಗೆ ಹಾಕಿದೆ. ಅರಗಿನ ಬಳೆಯ ಹಾಗೆ ಕೂತಿತು. ಜಾರಬಾರದೆಂದು ನಾಲ್ಕು ಹೊಲಿಗೆಯನ್ನೂ ಹಾಕಿದೆ.

ಸಂಜೆ ಅಪ್ಪ ಕೇಳಿದ. ಸಿಟ್ಟಿನಿಂದೇನೂ ಅಲ್ಲ, ನೆಲದ ಮೇಲೆ ಕೈಯಾಡಿಸುತ್ತಲೇ ಕೇಳಿದ.

"ನಿಂಗಿ, ಇಲ್ಲೊಂದು ವಾಶರ್ ಇತ್ತು, ನೋಡೀಯೇನು? ಎರಡ ಇದ್ದುವು ಯವ್ವಾ, ಮತ್ತೊಂದಿಲ್ಲ."

ಮತ್ತೊಂದಿಲ್ಲ ಎಂಬ ಮಾತು ಕೇಳಿದ ಕೂಡಲೇ ನನ್ನ ಬಾಯಿಯಿಂದ "ನಾ ನೋಡಿಲ್ಲ" ಎಂದು ಬಂತು. ಅಷ್ಟೇ. ಅಪ್ಪ ಕಂದೀಲು ತಂದು ಕಸದಲ್ಲಿ ಹುಡುಕಿದ. ನಾನೂ ಜೊತೆಗೆ ಕೂತು ಹುಡುಕಿದೆ. ಹುಡುಕುವಾಗ ಗೊಂಬೆ ನನ್ನ ಹಾಸಿಗೆಯ ಕೆಳಗಿತ್ತು.

ಮರುದಿನ ಬೆಳಿಗ್ಗೆ ಎಣ್ಣೆ ತುಂಬಿದರು. ಬಟ್ಟೆಯ ಮೇಲೆ ಮೇಲಿನ ಸ್ಕ್ರೂ ಇತ್ತು, ಅದಕ್ಕೆ ಕೆಂಪು ವಾಶರ್ ಇತ್ತು. ಕೆಳಗಿನದು ಅಪ್ಪನ ಅಂಗಿಯ ಜೇಬಿನಲ್ಲಿತ್ತು. ಅದಕ್ಕೆ ಏನಿತ್ತು ಎಂದು ನನಗೆ ಕಾಣಲಿಲ್ಲ. ಏನೂ ಇರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ತೂತಿನಲ್ಲಿ ಎಣ್ಣೆ ಮಿನುಗಿತು. ಒಂದೆರಡು ಗುಳ್ಳೆ ಇನ್ನೂ ಬರುತ್ತಿದ್ದವೆಂದು ನನ್ನ ನೆನಪು. ಬೇಗ ಮುಗಿದರೆ ಸಾಕೆಂದು "ಬಂತು" ಅಂದುಬಿಟ್ಟೆ. ಮೌಲಾ ಕಾಕಾ ಮೇಲೆ ಬಿಗಿದ. ಅಪ್ಪ ಕೆಳಗೆ ಬಿಗಿದ. ಬೋಟು ನೀರಿಗಿಳಿಯಿತು.

ಮೂರು ದಿನ ಅದು ದಡದಲ್ಲಿ ಕಟ್ಟಿಕೊಂಡೇ ಇತ್ತು. ದಿನವೂ ಶಾಲೆಗೆ ಹೋಗುವ ಮುನ್ನ ನಾನು ಅಲ್ಲಿಗೆ ಹೋಗಿ ಕಾಲಿನ ಸುತ್ತಲಿನ ನೀರು ನೋಡುತ್ತಿದ್ದೆ. ಎಣ್ಣೆ ಸೋರಿದರೆ ನೀರ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ. ಎರಡು ದಿನ ಏನೂ ಇರಲಿಲ್ಲ. ಮೂರನೆಯ ದಿನ ಅಂಗೈಯಗಲ ಪೊರೆ ಕಂಡಿತು. ಅದು ಇಂಜಿನ್ನಿನ ಕೆಳಗಿನ ಕೊಳೆ ನೀರಿನದೂ ಆಗಿರಬಹುದಿತ್ತು. ಹೇಳಬೇಕೆಂದು ಮನೆಗೆ ಓಡಿಬಂದೆ. ಅಪ್ಪ ಗಡ್ಡ ಹೆರೆದುಕೊಳ್ಳುತ್ತ ಹಾಡು ಗುನುಗುತ್ತಿದ್ದ. ಒಮ್ಮೆ ಇಲ್ಲ ಅಂದವಳು ಈಗ ಹೌದು ಅನ್ನುವುದು ಹೇಗೆಂದು ತೋಚದೆ ಪಾಟಿಚೀಲ ಎತ್ತಿಕೊಂಡು ಹೋದೆ.

ನಾಲ್ಕನೆಯ ದಿನ ಬೆಳಿಗ್ಗೆ ಸೈರನ್ ಕೂಗಿತು. ಮೇಲಿನಿಂದ ಬಂದ ನೀರಿಗೆ ಅಣೆಕಟ್ಟಿನ ಗೇಟುಗಳನ್ನು ಎತ್ತಿದ್ದರು. ಹಿನ್ನೀರಿನ ನಡುವೆ ಒಂದು ದಿಬ್ಬವಿತ್ತು; ಬೇಸಿಗೆಯಲ್ಲಿ ನೀರಿಳಿದಾಗ ಅಲ್ಲಿ ಹುಲ್ಲು ಚಿಗುರುತ್ತಿತ್ತು. ಕುರಿ ಬಿಟ್ಟುಕೊಂಡಿದ್ದ ಗಂಡ ಹೆಂಡತಿ ಇಬ್ಬರು ರಾತ್ರಿ ನೀರೇರಿ ಅಲ್ಲಿಯೇ ಸಿಕ್ಕಿಬಿದ್ದಿದ್ದರು. ಅವರನ್ನು ಕರೆತರಬೇಕೆಂದು ಕಚೇರಿಯಿಂದ ಜವಾನ ಓಡಿಬಂದ. ಅಪ್ಪ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದ. ನಾನು ಹೊಸ್ತಿಲಲ್ಲಿದ್ದೆ. ಅಪ್ಪ ನನ್ನ ತಲೆ ಮುಟ್ಟಿ ದಾಟಿ ಹೋದ. ಹೇಳಲು ಆ ಒಂದು ಕ್ಷಣ ನನಗಿತ್ತು. ಹೇಳಲಿಲ್ಲ.

ದಡದಲ್ಲಿ ಅವ್ವ, ಆಯಿ, ನಾನು ನಿಂತೆವು. ನೀರು ಕೆಂಪಗಿತ್ತು. ಮೇಲಿನಿಂದ ನೋಡಿದರೆ ನಿಂತ ಹಾಗೆಯೇ ಕಾಣುತ್ತಿತ್ತು, ಆದರೆ ಒಂದು ಮುಳ್ಳುಕಂಟಿ ಗೇಟುಗಳ ಕಡೆಗೆ ತೇಲಿಹೋಗುವ ವೇಗ ಕಂಡರೆ ಗೊತ್ತಾಗುತ್ತಿತ್ತು. ಗೇರು ಮುರಿದರೆ ಬೋಟೂ ಹಾಗೆಯೇ ಹೋಗುತ್ತದೆ. ಅಪ್ಪ, ಮೌಲಾ ಕಾಕಾ ಇದ್ದ ಬೋಟು ಚಿಕ್ಕದಾಗುತ್ತ ಹೋಯಿತು. ದಿಬ್ಬದ ಹಿಂದೆ ಮರೆಯಾಯಿತು. ಆಮೇಲೆ ಸದ್ದು ಮಾತ್ರ ಉಳಿಯಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಜನರನ್ನು ಹತ್ತಿಸಿಕೊಳ್ಳಲು ಅಪ್ಪನೇ ಇಂಜಿನ್ ನಿಲ್ಲಿಸಿರಬಹುದೆಂದು ಅವ್ವ ಅಂದಳು. ಗೇರು ಮುರಿದೇ ನಿಂತಿತೆಂದು ನನಗನ್ನಿಸಿ, ಆಯಿಯ ಸೀರೆಯ ಸೆರಗು ಹಿಡಿದೆ.

"ಆಯಿ, ವಾಶರ್ ನನ್ನ ಹತ್ರ ಅದ."

"ಗೊತ್ತದ. ಗೊಂಬಿ ಕೈಯಾಗ ಅದ."

"ಕೆಳಗಿನ ಸ್ಕ್ರೂ ಅಪ್ಪ ಬರೀದ ಹಾಕ್ಯಾನ. ನೀರು ಒಳಗ ಹೋಗ್ತದ."

"ಬರೀದ ಹಾಕಿಲ್ಲ. ನಾ ನನ್ನ ತೊಗಲು ಕೊಟ್ಟೇನಿ. ನಿಮ್ಮಪ್ಪ ಅದನ್ನ ದುಂಡಗ ಕತ್ತರಿಸಿ, ಎಣ್ಣ್ಯಾಗ ನೆನಿಸಿ ಹಾಕ್ಯಾನ."

ನಾನು ಕಲ್ಲಿನ ಮೇಲೆ ಕೂತೆ. ನಾಲ್ಕು ದಿನಗಳ ನಂತರ ಎದೆಗೆ ಗಾಳಿ ಇಳಿದಂತಾಯಿತು. ಆದರೆ ಅವ್ವ ಹಿಂದೆಯೇ ನಿಂತಿದ್ದಳು. ಆಕೆಗೆ ವಾಶರ್ ಕಳೆದದ್ದಷ್ಟೇ ಗೊತ್ತಿತ್ತು. ತೊಗಲಿನ ವಿಷಯವೂ ಗೊಂಬೆಯ ವಿಷಯವೂ ಆಕೆ ಕೇಳಿದ್ದು ಆಗಲೇ.

"ಅತ್ತಿ, ಅದು ಗೊಂಬಿ ಕೈಯಾಗ ಇದ್ದದ್ದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಅವತ್ತ ರಾತ್ರಿ ಕಂಡಿದ್ದೆ. ಹುಡುಗಿ ತಾನ ತಂದು ಕೊಡ್ತಾಳ ಅಂತ ಸುಮ್ನಿದ್ದೆ."

"ಹುಡುಗಿ ಖರೆ ಹೇಳೋದು ಕಲೀಲಿ ಅಂತ ನನ್ನ ಗಂಡನ್ನ ತೊಗಲಿನ ಚೂರಿನ ಮ್ಯಾಲ ನೀರಿಗಿ ಬಿಟ್ರೇನ್ರಿ?"

ಆಯಿ ನೀರಿನ ಕಡೆ ತಿರುಗಿದಳು.

"ನಲವತ್ತು ವರ್ಷ ಸೋರಿಲ್ಲ ಅದು."

"ಅದು ಬಾವೀರಿ, ಅತ್ತಿ."

ಅವ್ವ ಆಯಿಗೆ ಎದುರು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಆಯಿ ಸೊಂಟದ ಎಲೆ ಅಡಿಕೆಯ ಚೀಲ ಬಿಚ್ಚಿದಳು, ಎಲೆ ತೆಗೆದಳು, ಸುಣ್ಣ ಹಚ್ಚದೆ ಹಾಗೆಯೇ ಕೈಯಲ್ಲಿ ಹಿಡಿದುಕೊಂಡಳು. ತನ್ನ ತೊಗಲಿನ ಮೇಲೆ ಆಕೆಗೇ ಅನುಮಾನ ಬಂದದ್ದನ್ನು ನಾನು ಆಗ ಕಂಡೆ. ನಾನು ಕಲ್ಲಿನಿಂದ ಎದ್ದೆ. ಮೂವರೂ ದಿಬ್ಬದ ಕಡೆ ನೋಡುತ್ತ ನಿಂತೆವು. ಎಷ್ಟು ಹೊತ್ತೆಂದು ಹೇಳಲಾರೆ. ಅಷ್ಟರಲ್ಲಿ ನನ್ನ ನೆರಳು ಪಾದದ ಹತ್ತಿರ ಬಂದಿತ್ತು.

ಮೊದಲು ಸದ್ದು ಬಂತು. ಆಮೇಲೆ ದಿಬ್ಬದ ಮರೆಯಿಂದ ಬೋಟಿನ ಮೂತಿ ಕಂಡಿತು. ಅಪ್ಪ ನೇರ ಬರಲಿಲ್ಲ. ಹರಿವಿಗೆ ಓರೆಯಾಗಿ, ಗೇಟುಗಳಿಂದ ದೂರ ಹಿಡಿದು, ನಿಧಾನವಾಗಿ ತಂದ. ಸದ್ದು ಎಲ್ಲಿಯೂ ತಡವರಿಸಲಿಲ್ಲ. ಹತ್ತಿರ ಬಂದಂತೆ ಮೌಲಾ ಕಾಕಾ ಕಂಡ, ಅವನ ಹೆಗಲ ಮೇಲೆ ಒಂದು ಕುರಿಮರಿ. ಕುರಿಯವನೂ ಅವನ ಹೆಂಡತಿಯೂ ಬೋಟಿನ ತಳದಲ್ಲಿ ಕೂತಿದ್ದರು, ಸುತ್ತ ಏಳೆಂಟು ಮರಿಗಳು. ದೊಡ್ಡ ಕುರಿಗಳು ದಿಬ್ಬದ ನೆತ್ತಿಯಲ್ಲಿದ್ದವು. ಅಲ್ಲಿಗೆ ನೀರೇರಲಿಲ್ಲ, ಮರುದಿನ ಅವನ್ನೂ ತಂದರು. ಆ ಹೆಂಗಸು ದಡಕ್ಕೆ ಕಾಲಿಟ್ಟವಳೇ ಮರಿಗಳನ್ನು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು, ಆಮೇಲೆ ಕೂತು ಅತ್ತಳು.

ಅವ್ವ ಆಗ ಅಲ್ಲಿರಲಿಲ್ಲ. ಬೋಟು ಕಂಡ ಕೂಡಲೇ ಮನೆಯ ಕಡೆ ಹೋಗಿದ್ದಳು. ಸಿಟ್ಟಿಗೆ ಹೋದಳೆಂದುಕೊಂಡಿದ್ದೆ. ತಿರುಗಿ ಬಂದಾಗ ಕೈಯಲ್ಲಿ ಬಿಳಿ ತಾಟಿತ್ತು. ಸೀರೆಯ ನೆರಿಗೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು ತಾಟನ್ನು ಅಪ್ಪನ ಮುಂದೆ ಚಾಚಿದಳು.

"ಮೊದಲ ಎಣ್ಣಿ ನೋಡ್ರಿ."

ಅಪ್ಪ ಆಕೆಯ ಮುಖ ನೋಡಿದ, ಆಯಿಯ ಮುಖ ನೋಡಿದ. ಕಾಲನ್ನು ನೀರಿನಿಂದ ಮೇಲಕ್ಕೆ ಎತ್ತಿ, ಪಂಖಾ ಒರೆಸಿ, ಕೆಳಗಿನ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿದ. ತಾಟಿಗೆ ಹನಿಗಳು ಬಿದ್ದವು. ಒಂದು, ಎರಡು, ಆಮೇಲೆ ಒಂದು ಸಣ್ಣ ಎಳೆ. ಅಪ್ಪ ಸ್ಕ್ರೂ ಮತ್ತೆ ಬಿಗಿದ. ಅವ್ವ ತಾಟನ್ನು ಬೆಳಕಿಗೆ ಓರೆ ಮಾಡಿದಳು. ಎಣ್ಣೆ ಬಿಳಿಯ ಮೇಲೆ ಮೆಲ್ಲಗೆ ಹರಿಯಿತು.

"ನಿಂಗಿ, ನೀ ನೋಡಿ ಹೇಳು," ಅಂದ ಅಪ್ಪ. "ಏನ ಬಣ್ಣ ಅದ?"

ನಾನು ಬಗ್ಗಿ ನೋಡಿದೆ. ಹೊಸ ಬೆಲ್ಲದ ಪಾಕದ ಬಣ್ಣ. ತಾಟಿನ ನೀಲಿ ಗೆರೆ ಎಣ್ಣೆಯೊಳಗಿಂದ ಕಾಣುತ್ತಿತ್ತು. ಎಲ್ಲಿಯೂ ಬೆಳ್ಳಗಿನ ಎಳೆ ಇರಲಿಲ್ಲ.

"ಸ್ವಚ್ಛ ಅದ," ಅಂದೆ. ಆಮೇಲೆ ಅಳು ಬಂತು.

ಮೌಲಾ ಕಾಕಾ ಮರಿಯನ್ನು ಹೆಗಲಿನಿಂದ ಇಳಿಸಿ ಆಯಿಯ ಕಡೆ ತಿರುಗಿದ.

"ಆಯಿ, ನಿಮ್ಮ ಬಾವಿ ಇವತ್ತ ಹೊಳಿ ಈಜಿ ಬಂತ್ರಿ."

ಆಯಿ ಆಗ ಎಲೆಗೆ ಸುಣ್ಣ ಹಚ್ಚಿದಳು.

ಮಧ್ಯಾಹ್ನ ಎಲ್ಲರೂ ನಮ್ಮ ಮನೆಯಲ್ಲೇ ಉಂಡರು. ಕುರಿಯವರು ಇಬ್ಬರು, ಮೌಲಾ ಕಾಕಾ, ನಾವು ನಾಲ್ವರು. ತಾಟುಗಳು ಸಾಲದೆ ಅವ್ವ ರೊಟ್ಟಿಯ ಮೇಲೆಯೇ ಪಲ್ಯ, ಶೇಂಗಾದ ಹಿಂಡಿ ಹಾಕಿ ಕೈಗೆ ಕೊಟ್ಟಳು. ಜನ ಎದ್ದುಹೋದ ಮೇಲೆ ನಾನು ಗೊಂಬೆಯನ್ನು ತಂದು ಅಪ್ಪನ ಮುಂದಿಟ್ಟೆ. ಅವನು ಬ್ಲೇಡಿನಿಂದ ಹೊಲಿಗೆಗಳನ್ನು ಒಂದೊಂದಾಗಿ ಬಿಡಿಸಿದ. ಗೊಂಬೆಯ ಬಟ್ಟೆ ಹರಿಯದಂತೆ ಬಿಡಿಸಿದ್ದು ನನಗೆ ಹೊಡೆತಕ್ಕಿಂತ ಹೆಚ್ಚು ತಾಗಿತು.

"ನಾಕು ದಿನ ಯಾಕ ಹೇಳ್ಲಿಲ್ಲ?"

"ಮೊದಲ ಇಲ್ಲ ಅಂದಿದ್ದೆ."

"ನಿನ್ನೆ ಇಲ್ಲ ಅಂದದ್ದಕ್ಕ ಇವತ್ತ ಹೌದು ಅನ್ನಾಕ ಬರ್ತದ, ಯವ್ವಾ. ನಾ ಏನು ಗೇಟು ಹಾಕ್ಕೊಂಡು ಕುಂತಿದ್ನೇನು?"

ಅವ್ವ ಒಲೆಯ ಮುಂದಿನಿಂದಲೇ ಮಾತು ಹಾಕಿದಳು. ನೀವೇನು ಕಡಿಮೆ, ಅಂದಳು. ತೊಗಲು ಹಾಕಿದ್ದನ್ನು ತನಗೆ ಒಂದು ಮಾತೂ ಹೇಳಲಿಲ್ಲವೆಂದು ದೂರಿದಳು. ಅಪ್ಪ ಗಡಿಬಿಡಿಯಲ್ಲಿ ಸಮಜಾಯಿಷಿ ಕೊಟ್ಟ: ಶಹಾಪುರದ ಅಂಗಡಿಯವನು ಶನಿವಾರ ವಾಶರ್ ತರಿಸುತ್ತೇನೆಂದಿದ್ದ, ಅಲ್ಲಿಯತನಕ ದಡದಲ್ಲಿ ನಿಂತ ಬೋಟಿಗೆ ತೊಗಲು ಸಾಕಾಗಿತ್ತು, ನೀರು ಶನಿವಾರಕ್ಕೆ ಮೊದಲೇ ಬಂತು.

"ನಿನಗ ಹೇಳಿದ್ರ ಇವತ್ತ ನೀ ಬೋಟು ಬಿಚ್ಚಾಕ ಬಿಡ್ತಿದ್ದಿಲ್ಲ."

"ಬಿಡ್ತಿದ್ದಿಲ್ಲ. ಅದಕ್ಕ ಹೇಳಬೇಕಿತ್ತು."

ಆಯಿ ಬೀಸುಕಲ್ಲಿನ ಮುಂದೆ ಕೂತಿದ್ದಳು. ಆಕೆ ಹಾಸಿಕೊಂಡ ತೊಗಲಿನ ಒಂದು ಮೂಲೆಯಲ್ಲಿ ಉಂಗುರದಷ್ಟು ದುಂಡನೆಯ ತೂತು ನನಗೆ ಅಂದು ಮೊದಲ ಸಲ ಕಂಡಿತು. ನಾಲ್ಕು ದಿನದಿಂದ ಅದು ಅಲ್ಲಿಯೇ ಇತ್ತು. ನಾನು ದಡಕ್ಕೆ ಹೋಗಿ ನೀರು ನೋಡುತ್ತಿದ್ದೆ, ಮನೆಯೊಳಗೆ ನೋಡಿರಲಿಲ್ಲ. ಅಷ್ಟು ಚಿಕ್ಕ ವಸ್ತುವಿನ ವಿಷಯದಲ್ಲಿ ನಾವು ಮೂರು ಜನ ಮೂರು ಕಾರಣಕ್ಕೆ ಬಾಯಿ ಮುಚ್ಚಿಕೊಂಡಿದ್ದೆವು: ನಾನು ಹೆದರಿ, ಆಯಿ ನನಗೆ ಕಲಿಸಲೆಂದು, ಅಪ್ಪ ಅವ್ವನ ಮಾತಿಗೆ ಅಂಜಿ. ಏನೂ ಗೊತ್ತಿರದೆ ದಡದಲ್ಲಿ ನಿಂತವಳು ಅವ್ವ ಒಬ್ಬಳೇ. ಮುಂದೆ ನಾನು ಶಹಾಪುರದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದು ಕಂಡದ್ದನ್ನು ಬರೆಯುವಾಗಲೆಲ್ಲ, ಹೊರಗೆ ಬೆಂಚಿನ ಮೇಲೆ ಏನೂ ಗೊತ್ತಿರದೆ ಕೂತವರು ಯಾರೋ ಇದ್ದಾರೆಂದು ನೆನಪಾಗುತ್ತಿತ್ತು. ಬರೆದಾದ ಮೇಲೆ ಮತ್ತೊಮ್ಮೆ ನಳಿಕೆ ನೋಡುತ್ತಿದ್ದೆ. ಜೊತೆಯವರು ನನ್ನನ್ನು ನಿಧಾನದವಳು ಎಂದು ರೇಗಿಸುತ್ತಿದ್ದರು. ಹೌದು, ನಿಧಾನವೇ.

ಗೇಟುಗಳು ಇಳಿದ ಮೇಲೆ ಬೋಟನ್ನು ಮತ್ತೆ ಬೇವಿನ ಕೆಳಗೆ ಎಳೆದು ತಂದರು. ಶಹಾಪುರದಿಂದ ಮೇಲಿನ ಸ್ಕ್ರೂಗೆ ಹೊಸ ವಾಶರ್ ಬಂದಿತ್ತು. ಕೆಳಗಿನದಕ್ಕೆ ಗೊಂಬೆಯ ಬಳೆಯೇ ಆಯಿತು. ಬಿಚ್ಚಿದಾಗ ತೊಗಲಿನ ಉಂಗುರ ಹಿಸುಕಿ ಎಲೆಯಷ್ಟು ತೆಳ್ಳಗಾಗಿತ್ತು, ಆದರೂ ಇಡಿಯಾಗಿತ್ತು. ಆಯಿ ಅದನ್ನು ಕೇಳಿ ಪಡೆದು ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡಳು. ಎಣ್ಣೆ ತುಂಬುವ ಮುನ್ನ ಅಪ್ಪ ಒಂದು ಹೊಸ ಕೆಲಸ ಮಾಡಿದ. ಎರಡೂ ಸ್ಕ್ರೂಗಳನ್ನು ವಾಶರ್ ಸಮೇತ ಅಂಗೈಯಲ್ಲಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ಅವ್ವನಿಗೆ ತೋರಿಸಿದ. ಆಕೆ ಹಿಟ್ಟಿನ ಕೈಯಿಂದಲೇ ಎರಡನ್ನೂ ತಿರುಗಿಸಿ ನೋಡಿ, ಹೂಂ ಅಂದಳು. ಅಪ್ಪ ಆ ಕೆಲಸದಲ್ಲಿದ್ದಷ್ಟು ವರ್ಷವೂ ಈ ತೋರಿಸುವಿಕೆ ತಪ್ಪಲಿಲ್ಲ. ಬಿಳಿ ತಾಟನ್ನೂ ಅವ್ವ ಬೂದಿ ಹಚ್ಚಿ ತಿಕ್ಕಿ, ಒಳಗೆ ಉಳಿದ ನಾಲ್ಕರ ಸಾಲಿನ ಕೊನೆಗೆ ನಿಲ್ಲಿಸಿದಳು. ಅದು ಇನ್ನು ತನ್ನ ಕಣ್ಣೆದುರಿಗೇ ಇರಲಿ ಅಂದಳು.

ನಾನು ಕಲ್ಲಿನ ಮೇಲೆ ಹತ್ತಿ ನಿಂತೆ. ಕೆಳಗೆ ಅಪ್ಪ ಪಿಚಕಾರಿ ಒತ್ತುತ್ತಿದ್ದ. ತೂತಿನಲ್ಲಿ ಎಣ್ಣೆ ಮೇಲೇರಿತು, ತುಳುಕಿತು. ಒಂದು ಗುಳ್ಳೆ ಬಂದು ಒಡೆಯಿತು.

"ಬಂತೇನು?"

"ಇನ್ನಾ ಇಲ್ಲ."

ಮತ್ತೊಂದು ಪಿಚಕಾರಿ. ಎಣ್ಣೆ ಕಾಲಿನ ಮೇಲೆ ಇಳಿದು ಹರಿಯಿತು. ಸಾಸಿವೆಯಷ್ಟು ಸಣ್ಣದೊಂದು ಗುಳ್ಳೆ ಬಂತು. ಅಪ್ಪನ ತೋಳು ನಡುಗುತ್ತಿರುವುದು ಮೇಲಿನಿಂದ ಕಾಣುತ್ತಿತ್ತು. ಎಣ್ಣೆ ದಂಡವಾಗುತ್ತಿದೆಯೆಂದು ಮೌಲಾ ಕಾಕಾ ಗೊಣಗಿದ. ಅಪ್ಪ ನನ್ನನ್ನು ಅವಸರಿಸಲಿಲ್ಲ. ಇನ್ನೊಂದು ಪಿಚಕಾರಿ ಒತ್ತಿದ. ಈ ಸಲ ಎಣ್ಣೆ ಮೇಲೆದ್ದು, ಕನ್ನಡಿಯ ಹಾಗೆ ನುಣ್ಣಗೆ ಹೊರಬಂತು.

"ಈಗ ಬಂತು."

"ಖರೆ?"

ನಾನು ಮತ್ತೊಮ್ಮೆ ನೋಡಿದೆ.

"ಖರೆ," ಅಂದೆ.